ಕಹಿ ಹೆಚ್ಚಾದರೆ ಕೆಫೀನ್ ಹೆಚ್ಚೇ?

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ದೌಲತಾಬಾದ್, ತಾಂಡೂರು, ಜಹೀರಾಬಾದ್ ಕಡೆ ರಾತ್ರಿ ಚಹಾದ ಪಾತ್ರೆ ಮತ್ತೊಮ್ಮೆ ಒಲೆ ಏರುತ್ತದೆ. "ಸರ್, ಕಾಫಿ ಕುಡಿದ್ರ ನಿದ್ದಿ ಇನ್ನೂ ಬರಂಗಿಲ್ಲಂತ, ಖರೇನಾ?" ಎಂದು ಕೇಳುತ್ತೀರಿ. ಹೈದರಾಬಾದಿನ ಕಾಫಿ ಅಂಗಡಿ ನೋಡಿ ಬಂದವರದು ಇನ್ನೊಂದು ಪ್ರಶ್ನೆ: ಅಲ್ಲಿ ಎರಡು ಗುಟುಕಿನ ಕಪ್ಪಿನಲ್ಲಿ ಕೊಡುವ ಎಸ್ಪ್ರೆಸೊ ಅಷ್ಟು ಕಹಿ ಇರುತ್ತದಲ್ಲ, ಎಲ್ಲಕ್ಕಿಂತ ಹೆಚ್ಚು ಕೆಫೀನ್ ಅದರಲ್ಲೇ ಇರಬೇಕಲ್ಲವೇ?

ಇಲ್ಲ. ಲೆಕ್ಕ ಹಾಕಿಯೇ ನೋಡೋಣ. ನುಣ್ಣಗೆ ಬೀಸಿದ ಕಾಫಿ ಪುಡಿಯ ಮೂಲಕ ಬಿಸಿನೀರನ್ನು ವಾತಾವರಣದ ಸುಮಾರು 9 ಪಟ್ಟು ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಹಾಯಿಸಿದರೆ ಬರುವ ಗಟ್ಟಿ ರಸವೇ ಎಸ್ಪ್ರೆಸೊ. ಅದರ 30 ಮಿಲಿಲೀಟರಿನಲ್ಲಿ ಸುಮಾರು 63 ಮಿಲಿಗ್ರಾಂ ಕೆಫೀನ್. ಪುಡಿಯ ಮೇಲೆ ಬಿಸಿನೀರು ಸುರಿದು ಸೋಸಿದ ಕಪ್ಪು ಕಾಫಿಯಾದರೆ 240 ಮಿಲಿಲೀಟರಿನ ದೊಡ್ಡ ಲೋಟಕ್ಕೆ ಸುಮಾರು 95. ಈಗ ಭಾಗಿಸಿ. ಮಿಲಿಲೀಟರಿಗೆ ಎಸ್ಪ್ರೆಸೊದಲ್ಲಿ 2.1 ಮಿಲಿಗ್ರಾಂ, ಸೋಸಿದ್ದರಲ್ಲಿ 0.4. ಸಾರತೆ ಎಸ್ಪ್ರೆಸೊದ್ದು ಐದು ಪಟ್ಟು. ಹೊಟ್ಟೆಗೆ ಹೋಗುವ ಒಟ್ಟು ಕೆಫೀನ್ ಮಾತ್ರ ಲೋಟದ ಕಾಫಿಯದೇ ಹೆಚ್ಚು. ದ್ರಾವಣಗಳ ಪಾಠದಲ್ಲಿ ಉಪ್ಪಿನ ನೀರಿಗೆ ಮಾಡಿದ ಲೆಕ್ಕವೇ ಇದು. ಕ್ಯಾಪುಚಿನೊ, ಲಾಟೆ ಎಂಬ ದೊಡ್ಡ ಹೆಸರುಗಳೆಲ್ಲ ಎಸ್ಪ್ರೆಸೊಗೆ ಹಾಲು, ನೊರೆ ಬೆರೆಸಿದ್ದು, ಅಷ್ಟೇ.

ಇನ್ನು ಕಹಿ. ಅದರಲ್ಲಿ ಕೆಫೀನಿನ ಪಾಲು ಸಣ್ಣದು. ಬಹುಪಾಲು ಕಹಿ ಬೀಜ ಹುರಿಯುವಾಗ ಹುಟ್ಟುವ ಬೇರೆ ಸಂಯುಕ್ತಗಳದ್ದು. ಕೆಫೀನನ್ನು ನಿರ್ಧರಿಸುವುದು ಬೀಜದ ಜಾತಿ ಮತ್ತು ಪುಡಿಯ ತೂಕ. ಬಾಬಾಬುಡನ್ ಗಿರಿಯ ಸೀಮೆಯ ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ. 1.2, ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೊಬಸ್ಟಾದಲ್ಲಿ ಶೇ. 2.2ರ ಆಸುಪಾಸು. ಹಾಗಾಗಿ 10 ಗ್ರಾಂ ಪುಡಿಯಲ್ಲಿ ಒಂದರಲ್ಲಿ 120 ಮಿಲಿಗ್ರಾಂ, ಇನ್ನೊಂದರಲ್ಲಿ 220. ಚಿಕೋರಿ ಬೇರಿನಲ್ಲಿ ಕೆಫೀನೇ ಇಲ್ಲ. ಶೇ. 30 ಚಿಕೋರಿ ಬೆರೆತ ಪುಡಿ ಕಷಾಯವನ್ನು ಕಪ್ಪಗೆ, ಕಹಿಯಾಗಿ ಮಾಡುತ್ತದೆ, ಕೆಫೀನನ್ನು ಮಾತ್ರ ಇಳಿಸುತ್ತದೆ! ನಾಲಿಗೆ ಅಳತೆಗೋಲಲ್ಲ ನೋಡ್ರಿ.

ನಮ್ಮ ಕಡೆ ಕಾಫಿಗಿಂತ ಚಹಾವೇ ಹೆಚ್ಚು. 240 ಮಿಲಿಲೀಟರ್ ಕಪ್ಪು ಚಹಾದಲ್ಲಿ ಕೆಫೀನ್ ಸುಮಾರು 47 ಮಿಲಿಗ್ರಾಂ. ಹೋಟೆಲಿನ ಸಣ್ಣ ಗ್ಲಾಸಿನಲ್ಲಿ ಇನ್ನೂ ಕಡಿಮೆ. ಆದರೆ ದಿನಕ್ಕೆ ಎಷ್ಟು ಗ್ಲಾಸು?

ಕೆಫೀನ್ ಶಕ್ತಿ ಕೊಡುವುದಿಲ್ಲ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಕೂಡುತ್ತಾ ಹೋಗುತ್ತದೆ; ಅದು ತನ್ನ ಗ್ರಾಹಕಗಳಿಗೆ ಅಂಟಿದಾಗ ನಮಗೆ ತೂಕಡಿಕೆ. ಕೆಫೀನ್ ಅಣು ಆ ಗ್ರಾಹಕಗಳಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಸುದ್ದಿ ಮುಟ್ಟಿರುವುದಿಲ್ಲ. ವಯಸ್ಕರಲ್ಲಿ ಕೆಫೀನಿನ ಅರ್ಧಾಯು ಸರಾಸರಿ 5 ಗಂಟೆ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ರಾತ್ರಿ 9ಕ್ಕೆ 95 ಮಿಲಿಗ್ರಾಂ ಕುಡಿದರೆ 2 ಗಂಟೆಗೆ ಸುಮಾರು 48, ಬೆಳಿಗ್ಗೆ 7ಕ್ಕೆ 24 ಉಳಿದಿರುತ್ತದೆ. 9.30ಕ್ಕೆ ಪ್ರಶ್ನೆಪತ್ರಿಕೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಆ ನಿದ್ದೆಯನ್ನೇ ಕೊಟ್ಟು ಓದುವ ಸಮಯ ಕೊಂಡರೆ ವ್ಯಾಪಾರ ನಷ್ಟದ್ದೇ ಎಂದು ನನಗನಿಸುತ್ತದೆ.

ನನಗೆ ಚಹಾ, ಕಾಫಿಗಿಂತ ಹೆಚ್ಚು ಚಿಂತೆ ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿರುವ ಬಣ್ಣದ 'ಎನರ್ಜಿ' ಬಾಟಲಿಯದ್ದು. ಸಿಹಿ, ತಂಪು, ಕಹಿಯೇ ಇಲ್ಲ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಅಂದರೆ 250 ಮಿಲಿಲೀಟರ್ ಬಾಟಲಿಯಲ್ಲಿ 75ರವರೆಗೆ, ಒಂದು ಎಸ್ಪ್ರೆಸೊಗಿಂತ ಹೆಚ್ಚು. ಮಕ್ಕಳಿಗೆ ಸೂಕ್ತವಲ್ಲ ಎಂದು ಚೀಟಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ ನೋಡಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಸೂಚಿಸಿದ ಮಿತಿ ದಿನಕ್ಕೆ ದೇಹತೂಕದ ಕಿಲೋಗೆ 3 ಮಿಲಿಗ್ರಾಂ. 40 ಕಿಲೋ ತೂಗುವವರಿಗೆ 120. ನಿಮ್ಮ ತೂಕ ಹಾಕಿ ಗುಣಿಸಿ, ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಕುಡಿದದ್ದನ್ನೆಲ್ಲ ಕೂಡಿಸಿ, ಸೋಮವಾರ ತರಗತಿಗೆ ತನ್ನಿ.