ಹಳೇ ಸಿನಿಮಾ ಈಗ ಯಾರ ಸೊತ್ತು?

ಬಡಾವಣೆಯ ರಾಜ್ಯೋತ್ಸವಕ್ಕೆ ಪರದೆ ಕಟ್ಟಿ ‘ಸತ್ಯ ಹರಿಶ್ಚಂದ್ರ’ ತೋರಿಸೋಣ ಅಂದುಕೊಂಡಿದ್ದೀರಿ. ಯಾರ ಒಪ್ಪಿಗೆ ಬೇಕು? ‘ಯೂಟ್ಯೂಬಿನಲ್ಲಿ ಪುಕ್ಕಟೆ ಇದೆಯಲ್ಲ’ ಎನ್ನಬೇಡಿ. ಅದು ಪುರಾವೆಯಲ್ಲ.

ಕಾಪಿರೈಟ್, ಅಂದರೆ ಹಕ್ಕುಸ್ವಾಮ್ಯ, ನಮ್ಮಲ್ಲಿ 1957ರ ಕಾಯ್ದೆಯ ಪ್ರಕಾರ ನಡೆಯುತ್ತದೆ. ಸಿನಿಮಾಕ್ಕೆ ಮೊದಲು 50 ವರ್ಷ ಇತ್ತು. ಟ್ಯಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಗದ್ದಲವೆದ್ದು ಕಾಯ್ದೆ ತಿದ್ದುಪಡಿಯಾಯಿತು, ಸಿನಿಮಾಕ್ಕೂ 60 ಆಯಿತು. ಎಣಿಕೆ ಶುರುವಾಗುವುದು ಬಿಡುಗಡೆಯ ಮರುವರ್ಷದ ಜನವರಿ 1ರಿಂದ. ‘ಸತ್ಯ ಹರಿಶ್ಚಂದ್ರ’ ತೆರೆಕಂಡದ್ದು 1965ರಲ್ಲಿ. 1966ರಿಂದ ಎಣಿಸಿದರೆ 2025ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯುತ್ತದೆ.

ಬಿಡುಗಡೆಯ ವರ್ಷ ಗೊತ್ತಿಲ್ಲವೇ? ಚಿತ್ರದ ಮೊದಲಿಗೆ ಬರುವ ಸೆನ್ಸಾರ್ ಪತ್ರದ ಹತ್ತಿರ ವಿಡಿಯೋ ನಿಲ್ಲಿಸಿ, ತಾರೀಖು ಓದಿ. ಆದರೆ ಅದನ್ನೇ ನಂಬಿ ಕೂರಬೇಡಿ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಕಂಡ ಚಿತ್ರಕ್ಕೆ ಇಡೀ ಒಂದು ವರ್ಷ ಹೆಚ್ಚು ಸಿಗುತ್ತದೆ. ಆಗಿನ ಪತ್ರಿಕೆಯ ಸಿನಿಮಾ ಜಾಹೀರಾತು ನೋಡಿದರೆ ಖಾತ್ರಿ.

ಎಡವುವುದು ಇನ್ನು ಮುಂದೆ. ಚಿತ್ರದ ಹಕ್ಕು ಬೇರೆ, ಅದರೊಳಗಿನ ಸಾಹಿತ್ಯದ ಹಕ್ಕು ಬೇರೆ. ಈ ಚಿತ್ರದಲ್ಲಿ ಸುಡುಗಾಡಿನ ಒಡೆಯ ವೀರಬಾಹು ಕುಣಿದು ಹಾಡುವ ಹಾಡನ್ನು ಬರೆದವರು ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ. ಅವರು ತೀರಿಕೊಂಡದ್ದು 1989ರಲ್ಲಿ. ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ, ಹಾಗಾಗಿ ಆ ಸಾಲುಗಳಿಗೆ 2049ರ ತನಕ ವಾರಸುದಾರರಿದ್ದಾರೆ. ರಾಗ ಹಾಕಿದವರಿಗೂ ಇದೇ ಲೆಕ್ಕ. ಹಾಡನ್ನು ಕತ್ತರಿಸಿ ರೀಲ್ಸಿಗೆ ಅಂಟಿಸುವ ಮುನ್ನ ಯೋಚಿಸಿ. ಇಡೀ ಚಿತ್ರ ತೋರಿಸುವುದಾದರೂ ಒಂದು ಒಪ್ಪಿಗೆ ಪತ್ರ ಕೈಯಲ್ಲಿದ್ದರೆ ಕ್ಷೇಮ.

ಬಣ್ಣ ಹಚ್ಚಿದ ಪ್ರತಿಯೂ ಇದೆ, 2008ರಲ್ಲಿ ಬಂದದ್ದು. ಅದಕ್ಕೆ ಬೇರೆ ಹಕ್ಕು ಇರಬಹುದು, ಗೊಡವೆ ಬೇಡ. ಅಮೆರಿಕದ ಕನ್ನಡ ಕೂಟದವರಿಗೆ ಲೆಕ್ಕವೇ ಬೇರೆ. ಅಲ್ಲಿ ಬಿಡುಗಡೆಯಿಂದ 95 ವರ್ಷ, ಅಂದರೆ 2060ರ ಕೊನೆಯವರೆಗೆ.

ವಿಚಾರಿಸುವುದೆಲ್ಲಿ? ನಿರ್ಮಾಪಕರ ಹೆಸರು ಟೈಟಲ್ ಕಾರ್ಡಿನಲ್ಲಿರುತ್ತದೆ. ಅದನ್ನು ಬರೆದುಕೊಂಡು ಬೆಂಗಳೂರಿನ ಫಿಲ್ಮ್ ಚೇಂಬರಿನಲ್ಲಿ ಕೇಳಿ. ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ನೋಂದಣಿ ಪುಸ್ತಕವಿದೆ, ಸಿನಿಮಾ ನೋಂದಣಿಗೆ ಶುಲ್ಕ 5,000 ರೂಪಾಯಿ. ಆದರೆ ನೋಂದಣಿ ಕಡ್ಡಾಯವಲ್ಲ. ಅಲ್ಲಿ ಹೆಸರು ಸಿಗದಿದ್ದರೆ ಹಕ್ಕಿಲ್ಲ ಎಂದುಕೊಂಡು ಪರದೆ ಕಟ್ಟಿಬಿಡಬೇಡಿ.