ಪ್ರೌಢಶಾಲೆಯ ಬ್ಯಾಂಡ್ ಮತ್ತು ಅದರ ವಾದ್ಯಮೇಳಗಳು

ರಾಷ್ಟ್ರಗೀತೆಯನ್ನು ಬ್ಯಾಂಡ್ ನುಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಭಾರತ ಸರ್ಕಾರದ ಆದೇಶವು ಖಚಿತವಾಗಿ ಗೊತ್ತುಪಡಿಸಿದೆ. ಗೀತೆ ಆರಂಭವಾಗಲಿದೆ ಎಂಬುದು ಸಭಿಕರಿಗೆ ತಿಳಿಯುವಂತೆ ಮೊದಲು ಡ್ರಮ್ಮಿನ ಉರುಳುನಾದ ಕೇಳಿಬರಬೇಕು. ನಿಧಾನ ನಡಿಗೆಯ 7 ಹೆಜ್ಜೆಗಳಷ್ಟು ಕಾಲ ಅದು ನಡೆಯಬೇಕು. ಮೆಲುದನಿಯಲ್ಲಿ ತೊಡಗಿ, ಸಾಧ್ಯವಾದಷ್ಟು ಮೇಲಕ್ಕೇರಿ, ಮತ್ತೆ ಮೊದಲಿನ ಮೆಲುದನಿಗೆ ಇಳಿದು, 7ನೆಯ ಪೆಟ್ಟಿನವರೆಗೂ ಕಿವಿಗೆ ಬೀಳುತ್ತಿರಬೇಕು. ಅನಂತರ ಒಂದು ಪೆಟ್ಟಿನಷ್ಟು ಮೌನ. ಆ ಬಳಿಕವೇ ಸುಮಾರು 52 ಸೆಕೆಂಡುಗಳ ಗೀತೆ. ಒಂಬತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ಹೆಗಲಿಗೆ ಡ್ರಮ್ ತೂಗಿಹಾಕಿಕೊಂಡು ಈ ಏಳು ಹೆಜ್ಜೆಗಳ ನಾದವನ್ನು ಏರುಪೇರಿಲ್ಲದೆ ಹೊರಡಿಸಲು ಹಲವು ತಿಂಗಳುಗಳ ಸಾಧನೆ ಬೇಕಾಗುತ್ತದೆ. ಧ್ವಜದತ್ತ ಮುಖಮಾಡಿ ನಿಂತ ಪಾಲಕರಲ್ಲಿ ಬಹುಮಂದಿಗೆ ಇದರ ಅರಿವಿರುವುದಿಲ್ಲ. ಶಾಲೆಯ ಬ್ಯಾಂಡೆಂದರೆ ಸಮವಸ್ತ್ರ, ಗರಿ ಸಿಕ್ಕಿಸಿದ ಟೋಪಿ ಮತ್ತು ವರ್ಷಕ್ಕೆರಡು ದಿನಗಳ ಮೆರವಣಿಗೆ ಎಂಬ ಭಾವನೆಯೇ ಸಾಮಾನ್ಯವಾಗಿದೆ.

ವಾಸ್ತವವಾಗಿ ಅದು ಒಂದು ಪಾಠಕ್ರಮ. ಗಣಿತವನ್ನಾಗಲಿ ಭಾಷೆಯನ್ನಾಗಲಿ ವಿದ್ಯಾರ್ಥಿಯು ಒಬ್ಬನೇ ಕುಳಿತು ಕಲಿಯಬಲ್ಲನು. ಪಕ್ಕದವನು ತಪ್ಪಿದರೆ ಇವನ ಅಂಕಗಳು ಕಡಿಮೆಯಾಗುವುದಿಲ್ಲ. ಬ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಇತರರನ್ನು ಆಲಿಸುವುದೇ ಪಾಠದ ಅರ್ಧಭಾಗ.

ನಮ್ಮ ದೇಶದ ಶಾಲೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಬ್ಯಾಂಡ್‌ಗಳು ಕಂಡುಬರುತ್ತವೆ: ಹಿತ್ತಾಳೆ ವಾದ್ಯಗಳ ಬ್ರಾಸ್ ಬ್ಯಾಂಡ್ ಮತ್ತು ಬ್ಯಾಗ್‌ಪೈಪುಗಳ ಪೈಪ್ ಬ್ಯಾಂಡ್. ಎರಡೂ ಬ್ರಿಟಿಷ್ ಸೇನಾತುಕಡಿಗಳ ಜತೆಯಲ್ಲಿ ಇಲ್ಲಿಗೆ ಬಂದವು. ಬಂದ ಮೇಲೆ ಅವು ಪರಕೀಯವಾಗಿಯೇ ಉಳಿಯಲಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಅಂದಿನ ಮದರಾಸಿನ ಪರಿಸರದಲ್ಲಿ ಕೇಳಿದ ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತದ ಬ್ಯಾಂಡಿನೊಂದಿಗೆ ಕರ್ನಾಟಕ ಸಂಗೀತವನ್ನು ನುಡಿಸುವ ಬ್ಯಾಂಡೂ ಬೆಳೆದುಬಂದಿತು; ಆ ಪರಂಪರೆಯನ್ನು ಇಂದು ಕರ್ನಾಟಕದ ಪೊಲೀಸ್ ಬ್ಯಾಂಡ್ ಮುಂದುವರಿಸಿದೆ. ಗೋವೆಯಲ್ಲಿ ಪೋರ್ಚುಗೀಸ್ ಆಡಳಿತದ ಕಾಲದಲ್ಲಿ ಚರ್ಚುಗಳಿಗೆ ಸೇರಿದ ಶಾಲೆಗಳು ಮಕ್ಕಳಿಗೆ ಸ್ವರಲಿಪಿಯನ್ನು ಓದಲು ಕಲಿಸಿದವು. ಹಾಗೆ ಕಲಿತ ಗೋವೆಯ ವಾದಕರು ಮುಂದೆ ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಿಗೆ ಆಧಾರಸ್ತಂಭಗಳಾದರು. ಶಂಕರ್-ಜೈಕಿಶನ್ ಅವರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜಾ ಅವರೂ ಗೋವೆಯವರೇ. ಶಾಲೆಯಲ್ಲಿ ದೊರೆತ ಸಂಗೀತಾಕ್ಷರ ಎಲ್ಲಿಯವರೆಗೆ ಮುಟ್ಟಬಲ್ಲುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಮುಂಬಯಿಯ ಓದುಗರಿಗೆ ಬೇಕಾಗಿಲ್ಲ.

ಪೈಪ್ ಬ್ಯಾಂಡಿನ ನಾದವು ಕನ್ನಡಿಗರ ಕಿವಿಗೆ ಅಪರಿಚಿತವೆನಿಸಲಾರದು. ನಾಗಸ್ವರದ ಮೇಳದಲ್ಲಿ ಒತ್ತು ಊದುವವನು ಎಡೆಬಿಡದೆ ಆಧಾರಶ್ರುತಿಯನ್ನು ಹಿಡಿದಿರುವಂತೆ, ಬ್ಯಾಗ್‌ಪೈಪಿನಲ್ಲಿ ಭುಜದ ಮೇಲೆ ನಿಂತ ಮೂರು ಕೊಳವೆಗಳು ಒಂದೇ ಶ್ರುತಿಯನ್ನು ನಿರಂತರವಾಗಿ ಹೊರಡಿಸುತ್ತವೆ. ಅವುಗಳಲ್ಲಿ ಒಂದು ಮಂದ್ರದ್ದು. ರಾಗವು ನಾಲ್ಕನೆಯ ಕೊಳವೆಯಾದ ಚಾಂಟರಿನಿಂದ ಬರುತ್ತದೆ. ಅದರಲ್ಲಿರುವುದು 9 ಸ್ವರಗಳು ಮಾತ್ರ. ಉಸಿರು ಚೀಲಕ್ಕೆ ಹೋಗುತ್ತದೆ, ತೋಳಿನ ಒತ್ತಡದಿಂದ ಕೊಳವೆಗಳಿಗೆ ಹರಿಯುತ್ತದೆ. ಆದ್ದರಿಂದ ವಾದಕನು ಉಸಿರೆಳೆದುಕೊಳ್ಳುವಾಗಲೂ ನಾದ ನಿಲ್ಲುವುದಿಲ್ಲ. ಇದೇ ಈ ವಾದ್ಯದ ಗುಣ, ಇದೇ ಅದರ ತೊಡಕು. ನಾದವನ್ನು ತುಂಡರಿಸುವಂತಿಲ್ಲ, ಮೆಲ್ಲಗೆ ನುಡಿಸುವಂತೆಯೂ ಇಲ್ಲ. ಒಂದೇ ಸ್ವರವನ್ನು ಎರಡು ಸಲ ಕೇಳಿಸಬೇಕಾದರೆ ನಡುವೆ ಇನ್ನೊಂದು ಸ್ವರವನ್ನು ಮಿಂಚಿನಂತೆ ಮುಟ್ಟಿ ಬರಬೇಕು. ಈ ಕಾರಣದಿಂದ ಹೊಸಬರ ಕೈಗೆ ಕೂಡಲೇ ಬ್ಯಾಗ್‌ಪೈಪನ್ನು ಕೊಡುವುದಿಲ್ಲ. ಚೀಲವಿಲ್ಲದ ಅಭ್ಯಾಸದ ಕೊಳವೆಯ ಮೇಲೆ ಬೆರಳುಗಳು ಪಳಗುವವರೆಗೆ, ಎಂದರೆ ಹಲವು ತಿಂಗಳುಗಳ ಕಾಲ, ವಿದ್ಯಾರ್ಥಿ ಕಾಯಬೇಕಾಗುತ್ತದೆ. ಅನೇಕರು ಬೇಸತ್ತು ಬಿಟ್ಟುಹೋಗುವುದು ಈ ಹಂತದಲ್ಲಿಯೇ. ಉತ್ತರಾಖಂಡದ ಮದುವೆಗಳಲ್ಲಿ ಇದೇ ವಾದ್ಯವು ಮಶಕ್‌ಬೀನ್ ಎಂಬ ಹೆಸರಿನಿಂದ ಮನೆಮಾತಾಗಿದೆ ಎಂಬುದನ್ನು ದೆಹಲಿಯ ಓದುಗರು ಬಲ್ಲರು.

ಬ್ರಾಸ್ ಬ್ಯಾಂಡಿನ ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ನಮ್ಮ ಶಾಲೆಗಳ ಬ್ರಾಸ್ ಬ್ಯಾಂಡಿನಲ್ಲಿ ಟ್ರಂಪೆಟ್, ಟ್ರೊಂಬೋನ್, ಯೂಫೋನಿಯಂ, ಟ್ಯೂಬಾಗಳ ಜತೆಗೆ ಕ್ಲಾರಿನೆಟ್ ಮತ್ತು ಸ್ಯಾಕ್ಸೊಫೋನ್‌ಗಳೂ ಇರುತ್ತವೆ. ಸ್ಯಾಕ್ಸೊಫೋನಿನ ಒಡಲು ಹಿತ್ತಾಳೆಯದಾದರೂ ಅದು ರೀಡಿನ ಕಂಪನದಿಂದ ನುಡಿಯುವ ವಾದ್ಯ. ಶಾಸ್ತ್ರೀಯ ವಿಂಗಡಣೆಯಲ್ಲಿ ಅದರ ಸ್ಥಾನ ಮರದ ಸುಷಿರವಾದ್ಯಗಳೊಂದಿಗೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಈ ವಾದ್ಯವನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಮುಂದೆ ಅವರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡ ಬಗೆಯೂ, 2019ರಲ್ಲಿ ನಿಧನರಾಗುವವರೆಗೆ ಗಳಿಸಿದ ಕೀರ್ತಿಯೂ ಎಲ್ಲರಿಗೆ ತಿಳಿದದ್ದೇ. ಬ್ಯಾಂಡನ್ನು ಕೇಳುತ್ತ ನಿಂತ ಒಬ್ಬ ಬಾಲಕನ ಮೇಲೆ ಅದು ಬೀರಬಹುದಾದ ಪ್ರಭಾವವನ್ನು ಶಾಲೆಗಳು ಲಘುವಾಗಿ ಕಾಣಬಾರದು.

ಟ್ರಂಪೆಟಿಗೆ ಇರುವುದು ಮೂರು ಒತ್ತುಗುಂಡಿಗಳು. ಮೂರು ಗುಂಡಿಗಳಿಂದ ಎಲ್ಲ ಸ್ವರಗಳೂ ಹೇಗೆ ಬರುತ್ತವೆ ಎಂಬುದು ಮಕ್ಕಳ ಮೊದಲ ಪ್ರಶ್ನೆ. ಗುಂಡಿಗಳು ಕೊಳವೆಯ ಉದ್ದವನ್ನು ಮಾತ್ರ ಬದಲಿಸುತ್ತವೆ; ಒಂದೇ ಉದ್ದದಲ್ಲಿ ತುಟಿಗಳ ಬಿಗಿತ ಹಾಗೂ ಉಸಿರಿನ ವೇಗವನ್ನು ಹೊಂದಿಸಿ ಹಲವು ಸ್ವರಗಳನ್ನು ಹೊರಡಿಸಬೇಕು. ಹೀಗಾಗಿ ತುಟಿಯ ಸ್ನಾಯುಗಳೇ ನಿಜವಾದ ವಾದ್ಯವೆನ್ನಬಹುದು. ಭಾನುವಾರ ಮೂರು ಗಂಟೆ ಊದುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷಗಳ ಅಭ್ಯಾಸ ಹೆಚ್ಚು ಫಲಕಾರಿ. ದಣಿದ ತುಟಿಯಿಂದ ಬಲವಂತವಾಗಿ ಊದಿದರೆ ಕೆಟ್ಟ ಅಭ್ಯಾಸಗಳು ಬೇರೂರುತ್ತವೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿರುವ ಮಕ್ಕಳಿಗೆ ಟ್ರಂಪೆಟಿನ ಕಿರಿದಾದ ಬಾಯ್ತುಂಡು ನೋವುಂಟುಮಾಡಬಹುದು. ಅಂಥವರಿಗೆ ಅಗಲವಾದ ಬಾಯ್ತುಂಡುಳ್ಳ ಯೂಫೋನಿಯಂ ಅಥವಾ ತಾಳವಾದ್ಯಗಳನ್ನು ಸೂಚಿಸುವುದು ಯೋಗ್ಯ. ಬಾಯ್ತುಂಡನ್ನು ತೊಳೆಯದೆ ಒಬ್ಬರಿಂದ ಒಬ್ಬರಿಗೆ ಹಸ್ತಾಂತರಿಸುವ ರೂಢಿಯನ್ನಂತೂ ಕೈಬಿಡಲೇಬೇಕು.

ಬ್ಯಾಂಡನ್ನು ನಡೆಸುವುದು ದೊಡ್ಡ ಡ್ರಮ್. ನಿಮಿಷಕ್ಕೆ ಸುಮಾರು 120 ಹೆಜ್ಜೆಗಳ ತ್ವರಿತ ನಡಿಗೆಯಲ್ಲಿ ಅದರ ಪೆಟ್ಟಿಗೂ ಎಡಗಾಲಿಗೂ ತಾಳೆಯಿರಬೇಕು. ಇಲ್ಲೊಂದು ಸ್ವಾರಸ್ಯಕರ ತೊಡಕಿದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ 20 ಮೀಟರ್ ಅಂತರವಿದ್ದರೆ, ಮುಂದಿನವರ ನಾದ ಹಿಂದಿನವರನ್ನು ತಲುಪುವಷ್ಟರಲ್ಲಿ ಸೆಕೆಂಡಿನ ಹದಿನೇಳನೆಯ ಒಂದು ಭಾಗ ಕಳೆದಿರುತ್ತದೆ. ಕಿವಿಯನ್ನಷ್ಟೇ ನಂಬಿ ನುಡಿಸಿದವರು ಹಿಂದೆ ಬೀಳುತ್ತಾರೆ. ಆದ್ದರಿಂದಲೇ ಮೈದಾನದಲ್ಲಿ ಡ್ರಮ್ ಮೇಜರಿನ ದಂಡದ ಚಲನೆಯನ್ನೂ ಸಾಲಿನವರ ಕಾಲನ್ನೂ ಕಣ್ಣಿನಿಂದ ಹಿಂಬಾಲಿಸುವ ಶಿಕ್ಷಣ ನೀಡಲಾಗುತ್ತದೆ. ಕೊಠಡಿಯಲ್ಲಿ ಕುಳಿತಾಗ ಕಿವಿ, ಮೈದಾನದಲ್ಲಿ ಕಣ್ಣು.

ಒಳ್ಳೆಯ ಬ್ಯಾಂಡ್ ಪಥಸಂಚಲನಕ್ಕೆ ಸೀಮಿತವಾಗಿರುವುದಿಲ್ಲ. ನಡೆಯುತ್ತ ನುಡಿಸುವಾಗ ಕೃತಿಗಳು ಸರಳವಾಗಿರಬೇಕಾಗುತ್ತದೆ, ಬಾಯಿಪಾಠವೂ ಆಗಿರಬೇಕಾಗುತ್ತದೆ. ಅಷ್ಟರಲ್ಲೇ ನಿಂತ ವಿದ್ಯಾರ್ಥಿಯ ಸಂಗೀತ ಬೆಳೆಯುವುದಿಲ್ಲ. ಆದುದರಿಂದ ಸಾಧ್ಯವಿರುವ ಶಾಲೆಗಳು ಅದೇ ವಾದಕರನ್ನು ಕುಳಿತು ನುಡಿಸುವ ವೃಂದವಾಗಿಯೂ, ನಾಲ್ಕೈದು ಮಂದಿಯ ಚಿಕ್ಕ ಮೇಳಗಳಾಗಿಯೂ, ಡ್ರಮ್ಮುಗಳದೇ ಒಂದು ತಂಡವಾಗಿಯೂ ವಿಂಗಡಿಸಿ ಅಭ್ಯಾಸ ಮಾಡಿಸುವುದು ಲೇಸು. ಹನ್ನೆರಡು ಕ್ಲಾರಿನೆಟ್‌ಗಳ ನಡುವೆ ಮೆಲ್ಲಗೆ ಊದಿ ಅಡಗಿಕೊಳ್ಳುವ ವಿದ್ಯಾರ್ಥಿ ನಾಲ್ವರ ಮೇಳದಲ್ಲಿ ಅಡಗಲಾರನು. ಅಲ್ಲಿ ಅವನ ಪಾಲಿನ ಸ್ವರವನ್ನು ಬೇರಾರೂ ನುಡಿಸುವುದಿಲ್ಲ. ಸಂಕೋಚದ ಸ್ವಭಾವದವರು ಚೇತರಿಸಿಕೊಳ್ಳುವುದೂ ಅನೇಕ ವೇಳೆ ಇಂಥ ಚಿಕ್ಕ ಮೇಳಗಳಲ್ಲಿಯೇ.

ಹೊಸ ಊರಿನಲ್ಲಿ, ಮನೆಮಾತಲ್ಲದ ಭಾಷೆಯಲ್ಲಿ ಓದುತ್ತಿರುವ ಮಕ್ಕಳ ವಿಷಯದಲ್ಲಿ ಇದು ವಿಶೇಷವಾಗಿ ಗಮನಾರ್ಹ. ವರ್ಗಾವಣೆಯ ಕಾರಣದಿಂದ ಪುಣೆಗೋ ಹೈದರಾಬಾದಿಗೋ ಬಂದ ಕನ್ನಡದ ಹುಡುಗಿಗೆ ತರಗತಿಯಲ್ಲಿ ಮಾತು ತಡವರಿಸಬಹುದು. ಸ್ವರಲಿಪಿಯ ಮುಂದೆ ಎಲ್ಲರೂ ಒಂದೇ ಭಾಷೆಯವರು.

ಬ್ಯಾಂಡ್‌ಗಳನ್ನು ಕಾಡುವ ನಿಜವಾದ ಸಮಸ್ಯೆ ಬೇರೆಯೇ ಇದೆ. ಎಂಟನೆಯ ತರಗತಿಯಲ್ಲಿ ಸೇರಿದ ಮಗು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಚೆನ್ನಾಗಿ ನುಡಿಸತೊಡಗುತ್ತದೆ. ಸರಿಯಾಗಿ ಅದೇ ವೇಳೆಗೆ ಪರೀಕ್ಷೆಯ ಭಯದಿಂದ ಪಾಲಕರು ಬಿಡಿಸುತ್ತಾರೆ. ಇಪ್ಪತ್ತು ಮಂದಿಯ ಫುಟ್‌ಬಾಲ್ ಶಿಬಿರದಿಂದ ಒಬ್ಬನು ಹೋದರೆ ಆಟ ನಿಲ್ಲುವುದಿಲ್ಲ. ಶಾಲೆಯ ಒಬ್ಬಳೇ ಯೂಫೋನಿಯಂ ವಾದಕಿ ಹೋದರೆ ಮುಖ್ಯ ಧಾಟಿಗೆ ಎದುರಾಗಿ ಸಾಗುವ ಎರಡನೆಯ ಧಾಟಿಯೇ ಮಾಯವಾಗುತ್ತದೆ. ಉಳಿದವರ ವರ್ಷದ ಶ್ರಮ ಟೊಳ್ಳಾಗಿ ಕೇಳಿಸುತ್ತದೆ. ಪಾಲಕರ ಆತಂಕವನ್ನು ಅಲ್ಲಗಳೆಯಲಾಗದು. ಆದರೆ ಬಿಡಿಸುವುದೊಂದೇ ದಾರಿಯಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ಹಾಜರಾತಿಯನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷಗಳ ಅಭ್ಯಾಸವನ್ನು ಉಳಿಸಿಕೊಂಡರೆ ಕೈ, ತುಟಿ ಎರಡೂ ಪೂರ್ತಿ ಮರೆಯುವುದಿಲ್ಲ. ಶಾಲೆಯವರೂ ಪ್ರತಿಯೊಂದು ವಾದ್ಯಕ್ಕೆ ಏಳನೆಯ ತರಗತಿಯ ಒಬ್ಬ ಉತ್ತರಾಧಿಕಾರಿಯನ್ನು ಹಿರಿಯರ ಪಕ್ಕದಲ್ಲೇ ಕೂರಿಸಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ ಮತ್ತು ಪಠ್ಯೇತರ ಎಂಬ ಕಟ್ಟುನಿಟ್ಟಿನ ವಿಂಗಡಣೆ ಬೇಡವೆಂದು ಹೇಳಿದೆ. ಶಾಲೆಯ ವೇಳಾಪಟ್ಟಿಯಲ್ಲಿ ಅದು ಕಾಣಿಸಿಕೊಳ್ಳುವುದು ಮುಖ್ಯೋಪಾಧ್ಯಾಯರ ಮನಸ್ಸನ್ನು ಅವಲಂಬಿಸಿದೆ.

ಪ್ರೋತ್ಸಾಹಕ್ಕೆ ಈಗ ಕೊರತೆಯಿಲ್ಲ. ಶಿಕ್ಷಣ ಮತ್ತು ರಕ್ಷಣಾ ಸಚಿವಾಲಯಗಳು ಗಣರಾಜ್ಯೋತ್ಸವದ ಅಂಗವಾಗಿ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯನ್ನು ಏರ್ಪಡಿಸಿವೆ. ಬಾಲಕರ ಬ್ರಾಸ್, ಬಾಲಕಿಯರ ಬ್ರಾಸ್, ಬಾಲಕರ ಪೈಪ್, ಬಾಲಕಿಯರ ಪೈಪ್ ಎಂಬ ನಾಲ್ಕು ವಿಭಾಗಗಳಲ್ಲಿ ತಂಡಗಳು ರಾಜ್ಯ ಮತ್ತು ವಲಯ ಮಟ್ಟಗಳನ್ನು ದಾಟಿ ದೆಹಲಿಯ ಅಂತಿಮ ಸುತ್ತಿಗೆ ಬರುತ್ತವೆ. 2024 ಹಾಗೂ 2025ರ ಜನವರಿಯಲ್ಲಿ ಇದು ಮೇಜರ್ ಧ್ಯಾನ್‌ಚಂದ್ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ನಡೆಯಿತು. ಬಾಲಕಿಯರಿಗೆ ಪ್ರತ್ಯೇಕ ವಿಭಾಗಗಳಿರುವುದು ಸ್ವಾಗತಾರ್ಹ. ಟ್ಯೂಬಾ, ದೊಡ್ಡ ಡ್ರಮ್ ಮುಂತಾದವು ಹುಡುಗರ ವಾದ್ಯಗಳೆಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಪಿಲಾನಿಯ ಬಿರ್ಲಾ ಬಾಲಿಕಾ ವಿದ್ಯಾಪೀಠದ ವಿದ್ಯಾರ್ಥಿನಿಯರ ಬ್ಯಾಂಡ್ ದಶಕಗಳಿಂದ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಭಾಗವಹಿಸುತ್ತ ಬಂದಿದೆ.

ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವವರು ಕೆಲವರೇ. ಅವರಿಗೆ ಭೂಸೇನೆ, ನೌಕಾಸೇನೆ, ವಾಯುಸೇನೆ ಹಾಗೂ ಪೊಲೀಸ್ ಪಡೆಗಳ ಬ್ಯಾಂಡ್‌ಗಳಲ್ಲಿ ಅವಕಾಶಗಳಿವೆ. ಭೂಸೇನೆಯ ಸಂಗೀತ ಶಿಕ್ಷಣ ಕೇಂದ್ರವು ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. 1950ರಲ್ಲಿ ಅದು ಆರಂಭವಾದದ್ದು ಅಂದಿನ ಮಹಾದಂಡನಾಯಕರಾಗಿದ್ದ ಕೊಡಗಿನ ಜನರಲ್ ಕೆ. ಎಂ. ಕಾರ್ಯಪ್ಪನವರ ಪ್ರಯತ್ನದಿಂದ.

ಇನ್ನು ವಾದ್ಯಗಳ ಮಾತು. ಮೀರತ್ ನಗರದ ಜಲೀ ಕೋಠಿ ಪ್ರದೇಶದ ಕುಶಲಕರ್ಮಿಗಳು ತಲೆಮಾರುಗಳಿಂದ ಹಿತ್ತಾಳೆ ವಾದ್ಯಗಳನ್ನು ತಯಾರಿಸುತ್ತಿದ್ದಾರೆ. ಅಲ್ಲಿನ ನಾದಿರ್ ಅಲಿ ಕಂಪನಿ 1885ರಷ್ಟು ಹಿಂದಿನದು. ಹೊಸ ಬ್ಯಾಂಡ್ ಕಟ್ಟುವ ಶಾಲೆ ವಿದೇಶೀ ವಾದ್ಯಗಳಿಗೇ ಹಂಬಲಿಸಬೇಕಾಗಿಲ್ಲ. ಕೊಂಡದ್ದನ್ನು ಕಾಪಾಡುವುದೇ ಹೆಚ್ಚಿನ ಕೆಲಸ. ಜನವರಿ 27ರಂದು ಉಗ್ರಾಣದಲ್ಲಿಟ್ಟು ಬೀಗ ಹಾಕಿದ ಟ್ರಂಪೆಟಿನ ಗುಂಡಿಗಳು ಎಣ್ಣೆಯಿಲ್ಲದೆ ಆಗಸ್ಟಿನ ವೇಳೆಗೆ ಹಿಡಿದುಕೊಂಡಿರುತ್ತವೆ. ಒರೆಸದೆ ಬಿಟ್ಟ ಪೈಪಿನ ಚೀಲದಲ್ಲಿ ಬೂಷ್ಟು ಬೆಳೆದಿರುತ್ತದೆ, ಅದು ಊದುವವನ ಶ್ವಾಸಕೋಶಕ್ಕೂ ಹಾನಿಕರ. ಊದಿದ ಬಳಿಕ ತೇವವನ್ನು ಹೊರಹಾಕುವುದು, ಗುಂಡಿಗಳಿಗೆ ವಾರಕ್ಕೊಮ್ಮೆಯಾದರೂ ಎಣ್ಣೆ ಬಿಡುವುದು, ಡ್ರಮ್ಮುಗಳನ್ನು ಬಿಸಿಲಿಗಿಡದಿರುವುದು ಇವೆಲ್ಲವನ್ನೂ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು. ಉತ್ತರದ ಚಳಿಯಲ್ಲಿ ನುಡಿಸುವ ತಂಡಗಳು ಇನ್ನೊಂದು ಎಚ್ಚರಿಕೆ ವಹಿಸಬೇಕಾಗುತ್ತದೆ: ಬೆಚ್ಚನೆಯ ಕೊಠಡಿಯಲ್ಲಿ ಶ್ರುತಿ ಹೊಂದಿಸಿದ ಹಿತ್ತಾಳೆ ವಾದ್ಯದ ಶ್ರುತಿ ಮೈದಾನದ ತಣ್ಣನೆಯ ಗಾಳಿಯಲ್ಲಿ ಇಳಿಯುತ್ತದೆ. ಸಾಲಿನಲ್ಲಿ ನಿಂತ ಮೇಲೆ ನಾದ ಹೊರಡಿಸದೆ ಕೆಲವು ನಿಮಿಷ ಬಿಸಿಯುಸಿರನ್ನು ಊದಿ, ಆಮೇಲೆ ಮತ್ತೊಮ್ಮೆ ಶ್ರುತಿ ನೋಡಿಕೊಳ್ಳಬೇಕು.