ಮನೆ ಮುಂದೆ ಹೋಯ್ತು, ಟಿವಿ ಹಿಂದೇ ಉಳೀತು!

ನಮ್ಮ ಇಬ್ಬರು ಸೀನಿಯರ್‌ಗಳು ಅಮೆರಿಕದಲ್ಲಿ ಎಂಎಸ್ ಮಾಡ್ತಿದ್ದಾರೆ. ರಜೆಯಲ್ಲಿ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಒಕ್ಲಹೋಮ ಕಡೆ ಹೊರಟರು. ಮಂಚ, ಒಲೆ, ಫ್ರಿಜ್, ಟಿವಿ ಎಲ್ಲಾ ಇರೋ ಬಸ್ಸಿನಂಥ ಮನೆ. ಎರಡನೇ ರಾತ್ರಿ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ನಿಂತಾಗ ಆಕಾಶ ಕಪ್ಪಾಯ್ತು. ಮೊಬೈಲ್‌ಗೆ ನೆಟ್‌ವರ್ಕ್ ಇಲ್ಲ. ಟಿವಿ ಹಾಕಿದರೆ 'ನೋ ಸಿಗ್ನಲ್'. ಪುಣ್ಯಕ್ಕೆ ಬರೀ ಮಳೆ ಸುರಿದು ಹೋಯ್ತು. ಆದರೆ ಅದು ಸುಂಟರಗಾಳಿಗೆ ಹೆಸರಾದ ಸೀಮೆ. ಮಾರನೇ ದಿನ ನಮ್ಮ ಗ್ರೂಪಿಗೆ ಪ್ರಶ್ನೆ ಬಂತು: "ಮೊನ್ನೆ ಬರ್ತಿದ್ದ ಟಿವಿ ನಿನ್ನೆ ಯಾಕ್ರೋ ಬರಲಿಲ್ಲ?"

ಉತ್ತರ ಹುಡುಕ್ತಾ ಹೋದರೆ ನಮ್ಮ ಕಮ್ಯುನಿಕೇಷನ್ ಸಿಲಬಸ್ಸೇ ಎದುರಿಗೆ ಬಂತು.

ಗಾಳಿಯಲ್ಲಿ ಪುಕ್ಕಟೆ

ನಮ್ಮಲ್ಲಿ ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ನಿಲ್ಲಿಸಿತು. ಈಗ ಪುಕ್ಕಟೆ ಟಿವಿ ಅಂದರೆ ನಮಗೆ ನೆನಪಾಗೋದು ಫ್ರೀ ಡಿಶ್. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ದೊಡ್ಡ ಕೇಂದ್ರಗಳು 2009ರ ಜೂನ್ 12ಕ್ಕೆ ಅನಲಾಗ್ ಬಿಟ್ಟು ಡಿಜಿಟಲ್‌ಗೆ ಬಂದವು. ಆದರೂ ಸ್ಥಳೀಯ ಚಾನೆಲ್‌ಗಳು ಇವತ್ತಿಗೂ ನೆಲದ ಮೇಲಿನ ಟವರಿನಿಂದಲೇ ಬರುತ್ತವೆ. ಆಂಟೆನಾ ಇದ್ದರೆ ಸಾಕು, ತಿಂಗಳ ಬಿಲ್ ಇಲ್ಲ.

ಎಷ್ಟು ದೂರ ಬರುತ್ತೆ? ಭೂಮಿ ಗುಂಡಗಿದೆ, ಹಾಗಾಗಿ ಒಂದು ಮಿತಿ ಇದೆ. ಟವರ್ ಮತ್ತು ಆಂಟೆನಾ ಎತ್ತರವನ್ನು ಮೀಟರ್‌ನಲ್ಲಿ ತಗೊಂಡು, ಎರಡರ ವರ್ಗಮೂಲ ಕೂಡಿಸಿ, 4.12ರಿಂದ ಗುಣಿಸಿ. ಟವರ್ 300 ಮೀಟರ್, ನಮ್ಮ ಆಂಟೆನಾ 4 ಮೀಟರ್ ಅಂದರೆ ಸುಮಾರು 80 ಕಿಲೋಮೀಟರ್. ನಡುವೆ ಗುಡ್ಡ ಬಂದರೆ ಇನ್ನೂ ಕಮ್ಮಿ. ಅಂದರೆ ಒಂದೇ ಹಗಲಿನ ಪ್ರಯಾಣದಲ್ಲಿ ಗಾಡಿ ಒಂದು ಊರಿನ ಟವರ್ ದಾಟಿ ಇನ್ನೊಂದರ ವ್ಯಾಪ್ತಿಗೆ ಹೋಗಿರುತ್ತೆ.

ಟಿವಿಗೆ ಈ ವಿಷಯ ಗೊತ್ತಿಲ್ಲ! ಹಿಂದಿನ ಸಲ ಸ್ಕ್ಯಾನ್ ಮಾಡಿದಾಗ ಸಿಕ್ಕ ಚಾನೆಲ್‌ಗಳ ಪಟ್ಟಿಯನ್ನೇ ಅದು ಹಿಡ್ಕೊಂಡು ಕೂತಿರುತ್ತೆ. ಹೊಸ ಜಾಗ, ಹೊಸ ಸ್ಕ್ಯಾನ್ – ಇದೇ ಮೊದಲ ಪಾಠ. ಸ್ಕ್ಯಾನ್ ಮಾಡುವಾಗ ಮೆನುವಿನಲ್ಲಿ 'ಕೇಬಲ್' ಅಲ್ಲ, 'ಏರ್' ಅಥವಾ 'ಆಂಟೆನಾ' ಅಂತ ಇರಬೇಕು. ಎರಡರ ಫ್ರೀಕ್ವೆನ್ಸಿ, ಮಾಡ್ಯುಲೇಷನ್ ಎರಡೂ ಬೇರೆ.

ಗೋಡೆ ಮೇಲಿನ ಪುಟ್ಟ ಸ್ವಿಚ್

ನಮ್ಮ ಸೀನಿಯರ್‌ಗಳು ಸ್ಕ್ಯಾನ್ ಕೂಡ ಮಾಡಿದ್ದರಂತೆ. ಆದರೂ ಸೊನ್ನೆ. ಕೊನೆಗೆ ಸಿಕ್ಕಿಬಿದ್ದಿದ್ದು ಟಿವಿ ಪಕ್ಕದ ಒಂದು ಪುಟ್ಟ ಸ್ವಿಚ್. ಮೋಟರ್‌ಹೋಮ್ ತಾರಸಿಯ ಆಂಟೆನಾದೊಳಗೆ ಸಾಮಾನ್ಯವಾಗಿ ಆಂಪ್ಲಿಫೈಯರ್ ಇರುತ್ತೆ. ಸ್ವಿಚ್ ಒತ್ತಿದರೆ 12 ವೋಲ್ಟ್ ಡಿಸಿ ಕೋಆಕ್ಸ್ ಕೇಬಲ್‌ನಲ್ಲೇ ಮೇಲೆ ಹೋಗುತ್ತೆ, ಸಿಗ್ನಲ್ ಅದೇ ಕೇಬಲ್‌ನಲ್ಲಿ ಕೆಳಗೆ ಬರುತ್ತೆ. ಲ್ಯಾಬ್‌ನಲ್ಲಿ ನೋಡಿದ ಬಯಾಸ್ ಟೀ ನೆನಪಾಯ್ತಾ? ಅದೇ. ಸ್ವಿಚ್ ಆಫ್ ಇದ್ದರೆ ಆಂಪ್ಲಿಫೈಯರ್ ನಿದ್ದೆ ಮಾಡ್ತಿರುತ್ತೆ, ಬಂದ ಸಿಗ್ನಲ್ಲೂ ಟಿವಿ ತಲುಪೋದು ಕಷ್ಟ. ಕ್ಯಾಂಪಿನವರು ಕೊಡುವ ಕೇಬಲ್ ಹಾಕಿಕೊಂಡಾಗ ಮಾತ್ರ ಇದನ್ನು ಆಫ್ ಮಾಡಬೇಕು.

ತಿರುಗಿಸೋದು ಹೇಗೆ?

ಬಾವಲಿ ರೆಕ್ಕೆಯಂತೆ ಕಾಣುವ ಆಂಟೆನಾಕ್ಕೆ ಅಲ್ಲಿ ಬ್ಯಾಟ್‌ವಿಂಗ್ ಅಂತಲೇ ಹೆಸರು. ಒಳಗಿನ ಹಿಡಿಕೆ ತಿರುಗಿಸಿ ಅದನ್ನು ಮೇಲೆತ್ತಿ, ಹತ್ತಿರದ ದೊಡ್ಡ ಊರಿನ ಕಡೆಗೆ ಮುಖ ಮಾಡಿಸಬೇಕು. ನೆಟ್ ಇದ್ದಾಗಲೇ ಎಫ್‌ಸಿಸಿಯ ಡಿಟಿವಿ ಮ್ಯಾಪ್‌ನಲ್ಲಿ ಮುಂದಿನ ಜಾಗದ ಟವರ್ ಯಾವ ದಿಕ್ಕಿನಲ್ಲಿದೆ ಅಂತ ನೋಡ್ಕೊಂಡರೆ ಕೆಲಸ ಸಲೀಸು.

ಹಿಂದೆ ನಮ್ಮ ಮನೆಗಳಲ್ಲಿ ಒಬ್ಬರು ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋರು, "ಬಂತಾ?" ಅಂತ ಕೂಗೋರು. ಕೆಳಗಿನಿಂದ "ಸ್ವಲ್ಪ ಬಂತು, ಇನ್ನೊಂಚೂರು ಈ ಕಡೆ!" ಅನ್ನೋ ಉತ್ತರ. ಡಿಜಿಟಲ್‌ನಲ್ಲಿ ಆ 'ಸ್ವಲ್ಪ' ಇಲ್ಲ. ಅಲ್ಲಿನ 8ವಿಎಸ್‌ಬಿ ಪದ್ಧತಿಯಲ್ಲಿ ಸಿಗ್ನಲ್ ನಾಯ್ಸ್‌ಗಿಂತ ಸುಮಾರು 15 ಡೆಸಿಬೆಲ್ ಮೇಲಿದ್ದರೆ ಚಿತ್ರ ಸ್ಫಟಿಕ. ಅದಕ್ಕಿಂತ ಇಳಿದರೆ ಚಿತ್ರ ಚೂರುಚೂರಾಗಿ ನಿಂತೇ ಹೋಗುತ್ತೆ. ಆದ್ದರಿಂದ ಚಿತ್ರ ನೋಡ್ತಾ ತಿರುಗಿಸಬೇಡಿ. ಟಿವಿ ಮೆನುವಿನಲ್ಲಿ ಸಿಗ್ನಲ್ ಮೀಟರ್ ಇದ್ದರೆ ಅದನ್ನು ನೋಡಿ, ಸ್ವಲ್ಪಸ್ವಲ್ಪವೇ ತಿರುಗಿಸಿ, ಒಂದೆರಡು ಸೆಕೆಂಡ್ ಕಾಯಿರಿ. ಆಮೇಲೆ ಮತ್ತೆ ಸ್ಕ್ಯಾನ್.

ಇಷ್ಟಾದರೂ ಕೆಲವು ಚಾನೆಲ್ ಬರದಿರಬಹುದು. 500 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರ 30 ಸೆಂಟಿಮೀಟರ್. 60 ಮೆಗಾಹರ್ಟ್ಸ್‌ಗೆ ಎರಡೂವರೆ ಮೀಟರ್! ತಾರಸಿಯ ಪುಟ್ಟ ಆಂಟೆನಾ ಯುಎಚ್‌ಎಫ್ ಚೆನ್ನಾಗಿ ಹಿಡಿಯುತ್ತೆ, ಕೆಳಗಿನ ವಿಎಚ್‌ಎಫ್‌ಗೆ ಒದ್ದಾಡುತ್ತೆ.

ಇಳಿಸೋದು ಮರೀಬೇಡಿ

ಗಾಡಿ ಹೊರಡುವ ಮುಂಚೆ ಆಂಟೆನಾ ಇಳಿಸಲೇಬೇಕು, ಇಲ್ಲದಿದ್ದರೆ ಮೊದಲ ಮರದ ಕೊಂಬೆಗೇ ಅದು ಬಲಿ. ಸ್ಟೀರಿಂಗ್‌ಗೆ ಒಂದು ಚೀಟಿ ಕಟ್ಟಿಕೊಳ್ಳೋದು ಒಳ್ಳೇ ಉಪಾಯ. ಜೋರು ಗಾಳಿ, ಗುಡುಗು ಶುರುವಾದರೂ ಇಳಿಸಬೇಕು. ಹಾಗಾದರೆ ಬಿರುಗಾಳಿಯ ಸುದ್ದಿಗೆ ಟಿವಿ ಯಾಕೆ ಅಂತೀರಾ? ಸುದ್ದಿ ನೋಡಬೇಕಾದ್ದು ಮೋಡ ಕವಿಯೋ ಮುಂಚೆ, ಸಂಜೆಯ ಸ್ಥಳೀಯ ಹವಾಮಾನ ವರದಿಯಲ್ಲಿ. ನಾವು ನಿಂತಿರೋ ಕೌಂಟಿಯ ಹೆಸರೂ ಗೊತ್ತಿರಬೇಕು, ಎಚ್ಚರಿಕೆಗಳಲ್ಲಿ ಕೇಳಿಸೋದು ಆ ಹೆಸರೇ. ಆಮೇಲಿನ ಹೊತ್ತಿಗೆ ಬ್ಯಾಟರಿಯ ವೆದರ್ ರೇಡಿಯೊ ಜೊತೆಗಿರಲಿ. ಸುಂಟರಗಾಳಿಯ ಎಚ್ಚರಿಕೆ ಬಂದರೆ ಮೋಟರ್‌ಹೋಮ್ ಬಿಟ್ಟು ಗಟ್ಟಿ ಕಟ್ಟಡಕ್ಕೆ ಹೋಗಬೇಕು.

ಸೀನಿಯರ್‌ಗಳಿಗೆ ಇಷ್ಟನ್ನೂ ಬರೆದು ಕಳಿಸಿದೆವು. ಆ ರಾತ್ರಿ ಟಿವಿ ಮುಂದೆ ಕೂತ ಫೋಟೊ ಬಂತು, ತೆರೆ ಮೇಲೆ ಆ ಜಿಲ್ಲೆಯ ಮಳೆ ನಕ್ಷೆ. ಕೆಳಗೆ ಒಂದೇ ಸಾಲು: "ಸ್ವಿಚ್ ಆಫ್ ಇತ್ತು ಕಣ್ರೋ, ಯಾರಿಗೂ ಹೇಳ್ಬೇಡಿ."

ಕ್ಷಮಿಸಿ ಅಣ್ಣಂದಿರಾ, ಹೇಳಿಬಿಟ್ಟೆವು.